ಮ್ಯಾಪಿನಲ್ಲಿ ನನ್ನ ಅಂಗಡಿ ಮುಚ್ಚಿತ್ತು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರದ ಜಾಗದಲ್ಲಿ ಒಬ್ಬರು ಬರೆದಿದ್ದರು. ಆನ್‌ಲೈನ್ ಬಂದು ಗಡಿನಾಡಿನ ಸಣ್ಣ ಅಂಗಡಿಗಳು ಹಾಳಾದವು, ಜನ ಮೊಬೈಲು ಬದಿಗಿಟ್ಟು ಊರಿನ ಅಂಗಡಿಗೆ ಬರಬೇಕು ಅಂತ. ಅವರ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ ನನ್ನ ಅಂಗಡಿಗೆ ಜನ ಬರುವುದೇ ಮೊಬೈಲು ನೋಡಿಕೊಂಡು. ಕಳೆದ ಮಳೆಗಾಲದಲ್ಲಿ ಅದೇ ಮೊಬೈಲಿನ ಗೂಗಲ್ ಮ್ಯಾಪು ನನ್ನ ಅಂಗಡಿ ಮುಚ್ಚಿಹೋಗಿದೆ ಅಂತ ಸುತ್ತಲಿನ ಹತ್ತೂರಿಗೆ ಹೇಳುತ್ತಿತ್ತು, ನಾನು ಮಾತ್ರ ಬಾಗಿಲು ತೆರೆದು ಒಳಗೆ ಕೂತು ನೊಣ ಹೊಡೆಯುತ್ತಿದ್ದೆ. ಅದು ಹೇಗಾಯಿತು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಕತ್ತರಿಸಬೇಕು ಅನಿಸಿದರೆ ಕತ್ತರಿಸಿ, ಆದರೆ ಗೂಗಲಿನವ ಅಂತ ಹೇಳಿ ದುಡ್ಡು ತೆಗೆದುಕೊಂಡ ಏಜೆಂಟನ ವಿಷಯ ಮಾತ್ರ ದಯವಿಟ್ಟು ಬಿಡಬೇಡಿ.

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಪಂಪು ರಿಪೇರಿ ಅಂಗಡಿ. ಮೋಟಾರ್ ವೈಂಡಿಂಗ್, ಹುಲ್ಲು ಕತ್ತರಿಸುವ ಮೆಷಿನ್, ಮುಖ್ಯವಾಗಿ ಅಡಿಕೆಗೆ ಮದ್ದು ಬಿಡುವ ಪಂಪು. ಹತ್ತೊಂಬತ್ತು ವರ್ಷ ಆಯಿತು. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಯನಡ್ಕ, ವಿಟ್ಲ, ಕಲ್ಲಡ್ಕಕ್ಕೆ ಹೋಗುವ ರಸ್ತೆ ಗೊತ್ತಿದ್ದವರಿಗೆ ನನ್ನ ಗಿರಾಕಿಗಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಅರ್ಧ ಜನ ಎಣ್ಮಕಜೆ, ಬದಿಯಡ್ಕ ಪಂಚಾಯತಿನವರು, ಇನ್ನರ್ಧ ಗಡಿಯ ಸಾರಡ್ಕದ ಆಚೆಯವರು, ಅಂದರೆ ಕರ್ನಾಟಕದವರು. ಈ ಲೆಕ್ಕ ನನಗೂ ಸರಿಯಾಗಿ ಗೊತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿದರಲ್ಲ, ಆಗ ಗಲ್ಲಾಪೆಟ್ಟಿಗೆ ನೋಡಿ ಗೊತ್ತಾಯಿತು.

ಈಗ ಒಂದು ವಿಷಯ ಕೇಳಿ. ಅಡಿಕೆ ತೋಟ ಇದ್ದವರಿಗೆ ಇದು ಹೊಸತಲ್ಲ, ಪೇಟೆಯ ಓದುಗರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ಮತ್ತೆ 40-45 ದಿನ ಬಿಟ್ಟು ಇನ್ನೊಂದು ಸಲ. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಟ್ಟರೆ ಅದರ ಗುಣ ಹೋಯಿತು. ಮರ ಹತ್ತುವವರು ಸಿಗುವುದೇ ಕಷ್ಟ, ಅವರ ದಿನ ಗೊತ್ತು ಮಾಡಲು ತಿಂಗಳ ಮೊದಲೇ ಕೈಕಾಲು ಹಿಡಿಯಬೇಕು. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಮೇಲೆ ಕೆಲವರು ನೆಲದಲ್ಲೇ ನಿಂತು ಬಿಡುತ್ತಾರೆ, ಆದರೂ ಆಳು ಬೇಕೇ ಬೇಕು. ಇಷ್ಟೆಲ್ಲ ಹೊಂದಿಸಿಕೊಂಡು, ಮಳೆ ಎರಡು ದಿನ ಬಿಡುವು ಕೊಟ್ಟಿದೆ ಅನ್ನುವಾಗ, ಬೆಳಿಗ್ಗೆ ಹತ್ತೂವರೆಗೆ ಪಂಪು ಕೈ ಕೊಟ್ಟಿತು ಅಂತ ಇಟ್ಟುಕೊಳ್ಳಿ. ಡ್ರಮ್ಮಿನಲ್ಲಿ ಕಲಸಿದ ಮದ್ದು ಇದೆ. ಮರದ ಮೇಲೆ ಆಳು ಇದ್ದಾನೆ. ಆಕಾಶ ಕಪ್ಪಾಗುತ್ತಾ ಇದೆ. ಆ ಮನುಷ್ಯ ಏನು ಮಾಡುತ್ತಾನೆ? ಆನ್‌ಲೈನಿನಲ್ಲಿ ಹೊಸ ಪಂಪು ಆರ್ಡರ್ ಮಾಡಿ ನಾಲ್ಕು ದಿನ ಕಾಯುತ್ತಾನಾ? ಇಲ್ಲ. ತೋಟದಲ್ಲೇ ನಿಂತು ಒದ್ದೆ ಕೈ ಲುಂಗಿಗೆ ಒರೆಸಿಕೊಂಡು ಫೋನು ತೆಗೆದು ಹತ್ತಿರ ಯಾರಿದ್ದಾರೆ ಅಂತ ನೋಡುತ್ತಾನೆ. ಮೊದಲು ಕಾಣುವ ಎರಡು ಮೂರು ನಂಬರಿಗೆ ಫೋನು ಮಾಡುತ್ತಾನೆ. ಯಾರು ಎತ್ತುತ್ತಾರೋ ಅವರಿಗೆ ಆ ದಿನದ ವ್ಯಾಪಾರ.

ನಮ್ಮಂಥ ಸಣ್ಣವರಿಗೆ ಆನ್‌ಲೈನ್ ಅಂದರೆ ಇಷ್ಟೇ. ಅಲ್ಲಿ ನಮ್ಮ ಜೊತೆ ಪೈಪೋಟಿಗೆ ಇರುವುದು ಬೆಂಗಳೂರಿನ ಕಂಪನಿ ಅಲ್ಲ, ವಿಟ್ಲದ ಇನ್ನೊಬ್ಬ ರಿಪೇರಿಯವ. ಅವನ ಜೊತೆ ನನಗೆ ಜಗಳ ಇಲ್ಲ, ಪಾರ್ಟ್ಸ್ ಮುಗಿದರೆ ಅವನಿಂದಲೇ ತರಿಸುವುದು.

ಇನ್ನು ಏಜೆಂಟನ ಕತೆ. ಎರಡು ವರ್ಷ ಹಿಂದೆ ಒಂದು ಮಧ್ಯಾಹ್ನ ಫೋನು ಬಂತು. ಮಲೆಯಾಳದಲ್ಲಿ ಶುರು ಮಾಡಿ, ನಾನು ಕನ್ನಡದಲ್ಲಿ ಉತ್ತರ ಕೊಟ್ಟದ್ದಕ್ಕೆ ಹಿಂದಿಗೆ ಹೋದರು. ಗೂಗಲಿನ ಕಡೆಯಿಂದ ಮಾತಾಡುತ್ತಾ ಇದ್ದೇವೆ, ನಿಮ್ಮ ಅಂಗಡಿ ಮ್ಯಾಪಿನಲ್ಲಿ ವೆರಿಫೈ ಆಗಿಲ್ಲ, ಹೀಗೇ ಬಿಟ್ಟರೆ ತೆಗೆದುಹಾಕುತ್ತಾರೆ, 7,500 ರೂಪಾಯಿ ಕಟ್ಟಿದರೆ ಕಾಸರಗೋಡು ಜಿಲ್ಲೆಗೇ ಒಂದನೇ ನಂಬರಿನಲ್ಲಿ ತರುತ್ತೇವೆ ಅಂದರು. ನಾನು ದಡ್ಡನೇನಲ್ಲ, ಆದರೂ ಆ ದಿನ ಕೈಯಲ್ಲಿ ಗ್ರೀಸು, ಎದುರಿಗೆ ಇಬ್ಬರು ಗಿರಾಕಿಗಳು, ಆ ಕಡೆಯವನ ಮಾತಿನ ಜೋರು. ಫೋನಿಗೆ ಬಂದ ಆರಂಕಿಯ ನಂಬರು ಹೇಳಿ ಅಂದ, ಹೇಳಿದೆ. ದುಡ್ಡೂ ಹಾಕಿದೆ. ನನ್ನ ಹೆಂಡತಿ ಸಂಜೆ ಕೇಳಿದ್ದು ಒಂದೇ ಮಾತು, "ರಶೀದಿ ಕೊಟ್ಟಿದ್ದಾರಾ?" ಅಂತ. ರಶೀದಿ ಎಲ್ಲಿಂದ ಬರಬೇಕು.

ಮೊದಲ ಕೆಲವು ತಿಂಗಳು ಏನೂ ತೊಂದರೆ ಕಾಣಲಿಲ್ಲ. ಫೋನುಗಳು ಬರುತ್ತಿದ್ದವು. ಆದರೆ ಮೊಳೆ ಉಂಟಾ, ಪೈಂಟ್ ಉಂಟಾ, ಸಿಂಕ್ ಉಂಟಾ ಅಂತ ಕೇಳುವವರೇ ಜಾಸ್ತಿ. ಆಮೇಲೆ ಗೊತ್ತಾದದ್ದು, ಆ ಪುಣ್ಯಾತ್ಮ ನನ್ನ ಅಂಗಡಿಯ ವರ್ಗ ಅಂತ ಹಾಕುವಲ್ಲಿ ಹಾರ್ಡ್‌ವೇರ್ ಸ್ಟೋರ್ ಅಂತ ಹಾಕಿದ್ದ. ಅವನಿಗೆ ಪಂಪು ರಿಪೇರಿ ಅಂದರೆ ಹಾಗೇ ಕಂಡಿರಬೇಕು. ಅಂಗಡಿಯ ಹೆಸರಿನ ಹಿಂದೆ ಮುಂದೆ ಬೆಸ್ಟ್, ನಂಬರ್ ಒನ್, ಕಾಸರಗೋಡು, ಮಂಗಳೂರು ಅಂತ ಬಾಲಂಗೋಚಿ ಬೇರೆ. ನನ್ನ ಬೋರ್ಡಿನಲ್ಲಿ ಇರುವುದು ಎರಡೇ ಶಬ್ದ.

ಕಳೆದ ವರ್ಷ ಏಪ್ರಿಲಿನಲ್ಲಿ ಹಳೆಯ ಕಟ್ಟಡ ಬಿಟ್ಟು ಅಲ್ಲೇ ಇನ್ನೂರು ಮುನ್ನೂರು ಮೀಟರು ಮುಂದೆ ಬಂದೆ. ಹಳೆಯ ಕಡೆ ಶಟರಿಗೆ ಒಂದು ರಟ್ಟು ತೂಗುಹಾಕಿದ್ದೆ, ಬಾಣದ ಗುರುತು ಹಾಕಿ. ಮೇ ತಿಂಗಳ ಮಳೆಗೆ ಅದು ಕರಗಿ ಹೋಯಿತು. ಜೂನ್ ಬಂತು. ಫೋನು ಇಲ್ಲ. ಜುಲೈ ಬಂತು. ಊರಿನವರು ಬರುತ್ತಿದ್ದರು, ಆಚೆ ಕಡೆಯವರು ಬಿಲ್‌ಕುಲ್ ಇಲ್ಲ. ಈ ವರ್ಷ ಎಲ್ಲರೂ ಹೊಸ ಪಂಪು ತೆಗೆದುಕೊಂಡಿರಬೇಕು ಅಂತ ನನ್ನಷ್ಟಕ್ಕೆ ನಾನೇ ಸಮಾಧಾನ ಮಾಡಿಕೊಂಡೆ. ಒಂದು ದಿನ ಅಡ್ಯನಡ್ಕದ ಹಳೆಯ ಗಿರಾಕಿಯೊಬ್ಬರು ಬೇರೆ ಯಾವುದೋ ಕೆಲಸಕ್ಕೆ ಪೆರ್ಲಕ್ಕೆ ಬಂದವರು ನನ್ನನ್ನು ನೋಡಿ ಗಾಡಿ ನಿಲ್ಲಿಸಿದರು. "ಎಂತ ಮಾರಾಯ್ರೇ, ನೀವು ಇಲ್ಲೇ ಇದ್ದೀರಾ? ಮ್ಯಾಪಿನಲ್ಲಿ ಕಾಯಂ ಮುಚ್ಚಿದೆ ಅಂತ ಉಂಟಲ್ಲ, ನಾವು ನಿಮಗೇನೋ ಆಯಿತು ಅಂತ ಎಣಿಸಿದೆವು" ಅಂದರು. ನಾನು ಬದುಕಿದ್ದೇನೆ ಅಂತ ಅವರಿಗೆ ಕಾಫಿ ಕುಡಿಸಿ ಸಾಬೀತು ಮಾಡಬೇಕಾಯಿತು.

ಆಗಿದ್ದು ಇಷ್ಟು. ಮ್ಯಾಪಿನಲ್ಲಿ ಯಾವ ಅಂಗಡಿಯ ವಿವರ ತಪ್ಪಾಗಿದ್ದರೂ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಯಾರೋ ಹಳೆಯ ಜಾಗಕ್ಕೆ ಹೋದವರು, ಶಟರ್ ಹಾಕಿದ್ದು ನೋಡಿ, ಪಾಪ ಒಳ್ಳೆಯದಕ್ಕೇ ಇರಬೇಕು, ಈ ಅಂಗಡಿ ಮುಚ್ಚಿದೆ ಅಂತ ಹಾಕಿದ್ದಾರೆ. ಅಂಥ ಬದಲಾವಣೆ ಆದಾಗ ಗೂಗಲ್ ಅದನ್ನು ಅಂಗಡಿಯ ಮಾಲೀಕನ ಇಮೇಲಿಗೆ ತಿಳಿಸುತ್ತದೆ. ಗೂಗಲಿನ ಲೆಕ್ಕದಲ್ಲಿ ನನ್ನ ಅಂಗಡಿಯ ಮಾಲೀಕ ನಾನಲ್ಲ, ಆ ಏಜೆಂಟ. ನಾನು ಅವತ್ತು ಹೇಳಿದ ಆರಂಕಿಯ ನಂಬರೇ ಅವನಿಗೆ ಬೀಗದ ಕೈ ಆಗಿತ್ತು. ನನ್ನ ಅಂಗಡಿ ಮುಚ್ಚಿದ ಸುದ್ದಿ ಎಲ್ಲೋ ಇರುವ ಒಬ್ಬನಿಗೆ ಹೋಗಿದೆ, ಅವನು ಓದಿಯೂ ಇರಲಿಕ್ಕಿಲ್ಲ, ಅವನಿಗೆ ನಮ್ಮ ಕೊಳೆರೋಗದ ಸೀಸನ್ನು ಕಟ್ಟಿಕೊಂಡು ಏನಾಗಬೇಕು.

ಅವನಿಗೆ ಫೋನು ಮಾಡಿದೆ. ಮೊದಲು ಎತ್ತಲಿಲ್ಲ. ಆಮೇಲೆ ಎತ್ತಿ, ರಿನ್ಯೂವಲ್ ಬಾಕಿ ಇದೆ, ಕಟ್ಟಿದರೆ ಸರಿ ಮಾಡುತ್ತೇವೆ ಅಂದ. ಯಾವ ರಿನ್ಯೂವಲ್? ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನುವುದು ಪೂರ್ತಿ ಉಚಿತ. ಇದು ನನಗೆ ಆಗ ಗೊತ್ತಿರಲಿಲ್ಲ, ನಿಮ್ಮ ಓದುಗರಲ್ಲಿ ಎಷ್ಟೋ ಅಂಗಡಿಯವರಿಗೆ ಈಗಲೂ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ, ಉಚಿತ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಅನ್ನುವ ಹೆಸರಿನಲ್ಲಿ ಇದ್ದದ್ದು, 2021ರಲ್ಲಿ ಹೆಸರು ಬದಲಾಗಿ ಬಿಸಿನೆಸ್ ಪ್ರೊಫೈಲ್ ಆಯಿತು, ಆಗಲೂ ಉಚಿತ ಈಗಲೂ ಉಚಿತ. ದುಡ್ಡು ಕೊಟ್ಟು ಈ ಪಟ್ಟಿಯಲ್ಲಿ ಮೇಲೆ ಬರಲು ಆಗುವುದಿಲ್ಲ ಅಂತ ಗೂಗಲ್ ತಾನೇ ಬರೆದುಕೊಂಡಿದೆ. ಜಾಹೀರಾತು ಕೊಡುವುದು ಬೇರೆ, ಅದಕ್ಕೆ ಜಾಹೀರಾತು ಅಂತಲೇ ಗುರುತು ಇರುತ್ತದೆ. ಹಾಗಾದರೆ ಯಾರು ಮೇಲೆ ಬರುತ್ತಾರೆ ಅಂದರೆ ಮೂರು ಲೆಕ್ಕ. ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಸಂಬಂಧ, ಹುಡುಕುವವನಿಂದ ನೀವು ಎಷ್ಟು ದೂರ, ನಿಮ್ಮ ಅಂಗಡಿ ಎಷ್ಟು ಹೆಸರಾದದ್ದು. ಎರಡನೆಯದ್ದು ನಮ್ಮ ಕೈಯಲ್ಲಿ ಇಲ್ಲ. ಆದರೆ ನಮ್ಮ ಗಡಿಯವರಿಗೆ ಅದರಲ್ಲೇ ಒಂದು ಲಾಭ ಉಂಟು. 1956ರಲ್ಲಿ ರಾಜ್ಯಗಳ ಗಡಿಗೆರೆ ಎಳೆದವರಿಗೆ ಸಾರಡ್ಕದ ಈಚೆ ಕೇರಳ, ಆಚೆ ಮೈಸೂರು ರಾಜ್ಯ. ಮ್ಯಾಪು ಮಾತ್ರ ಕಿಲೋಮೀಟರು ನೋಡುತ್ತದೆ. ಅಡ್ಯನಡ್ಕದವನಿಗೆ ನಾನು ಹತ್ತಿರ ಅಂದರೆ ಹತ್ತಿರವೇ, ಯಾವ ಗಡಿ ಆಯೋಗದ ವರದಿಯೂ ಬೇಡ.

ಕೊನೆಗೆ ದಾರಿ ಹೇಳಿಕೊಟ್ಟದ್ದು ನನ್ನ ಅಕ್ಕನ ಮಗ, ಮಂಗಳೂರಿನಲ್ಲಿ ಓದುವವ. ಮ್ಯಾಪಿನಲ್ಲಿ ನಮ್ಮದೇ ಅಂಗಡಿ ತೆಗೆದು, ಇದರ ಹಕ್ಕು ನನಗೆ ಬೇಕು ಅಂತ ಕೇಳುವ ಒಂದು ಜಾಗ ಉಂಟು. ಕೇಳಿದರೆ ಈಗಿನ ಮಾಲೀಕ ಅನ್ನಿಸಿಕೊಂಡವನಿಗೆ ಮೇಲ್ ಹೋಗುತ್ತದೆ. ಅವನಿಗೆ ಮೂರು ದಿನ ಸಮಯ. ಅವನು ಕೊಟ್ಟರೆ ಸರಿ, ಸುಮ್ಮನಿದ್ದರೆ ನಾವೇ ವೆರಿಫೈ ಮಾಡಿಸಿಕೊಂಡು ತೆಗೆದುಕೊಳ್ಳುವ ಅವಕಾಶ ಸಿಗಬಹುದು. ನಮ್ಮವ ಸುಮ್ಮನಿದ್ದ. ಅವನು ಮಾಡಿದ ಒಂದೇ ಉಪಕಾರ ಅದು.

ವೆರಿಫಿಕೇಶನ್ ಅಂದರೆ ನನ್ನ ಪಾಲಿಗೆ ಬಂದದ್ದು ವೀಡಿಯೊ. ಕೆಲವರಿಗೆ ಫೋನು, ಮೆಸೇಜು, ಇಮೇಲು ಬರುತ್ತದೆ, ಯಾವುದು ಅಂತ ಗೂಗಲೇ ತೀರ್ಮಾನ ಮಾಡುವುದು. ವೀಡಿಯೊ ನಿಲ್ಲಿಸದೆ ಒಂದೇ ಹೊಡೆತಕ್ಕೆ ತೆಗೆಯಬೇಕು. ರಸ್ತೆ, ಅಕ್ಕಪಕ್ಕದ ಅಂಗಡಿ, ನಮ್ಮ ಬೋರ್ಡು, ಮತ್ತೆ ಒಳಗೆ ಹೋಗಿ ಸಾಮಾನು ಸರಂಜಾಮು. ನಾನೇ ನಡೆಸುವವ ಅಂತ ತೋರಿಸಲು ಬೀಗ ತೆಗೆದು ಶಟರ್ ಎತ್ತಬೇಕು, ಇಲ್ಲವೇ ಗಲ್ಲಾಪೆಟ್ಟಿಗೆ ತೆಗೆದು ತೋರಿಸಬೇಕು, ಅಂಥದ್ದು ಏನಾದರೂ. ಮೊದಲನೆಯದರಲ್ಲಿ ಕೈ ನಡುಗಿ ಬೋರ್ಡೇ ಬರಲಿಲ್ಲ. ಎರಡನೆಯದರಲ್ಲಿ ಎಲ್ಲ ಸರಿ ಇತ್ತು, ಪಕ್ಕದ ಹೋಟೆಲಿನವರು ಮಧ್ಯದಲ್ಲಿ ಬಂದು "ಎಂತ ಶೂಟಿಂಗಾ?" ಅಂತ ಕೇಳಿ ನಗಿಸಿಬಿಟ್ಟರು. ಮೂರನೆಯದು ಕಳಿಸುವಾಗ ಕರೆಂಟು ಹೋಗಿ ನೆಟ್‌ವರ್ಕೂ ಹೋಯಿತು. ನಾಲ್ಕನೆಯದು ಒಪ್ಪಿಗೆ ಆಯಿತು. ಅಂಗಡಿ ತೆರೆದಿದೆ ಅಂತ ಮತ್ತೆ ಬಂತು. ಅಷ್ಟೊತ್ತಿಗೆ ಆಗಸ್ಟ್ ಮುಗಿದಿತ್ತು, ಎರಡನೇ ಸುತ್ತಿನ ಮದ್ದೂ ಮುಗಿದಿತ್ತು. ಆ ಸೀಸನಿನಲ್ಲಿ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿಲ್ಲ, ಹಾಕಿದರೆ ನಿದ್ರೆ ಬರುವುದಿಲ್ಲ.

ಬದಿಯಡ್ಕ ಕಡೆಯ ಒಬ್ಬ ಬೇಕರಿಯವರದ್ದು ಇನ್ನೂ ಕೆಟ್ಟದಾಯಿತು. ಅವರ ಹೆಸರಿಗೂ ಹೀಗೇ ಬಾಲಂಗೋಚಿ ಹಾಕಿದ್ದರು. ಬೋರ್ಡಿನಲ್ಲಿ ಇದ್ದ ಹೆಸರೇ ಮ್ಯಾಪಿನಲ್ಲೂ ಇರಬೇಕು ಅನ್ನುವುದು ಗೂಗಲಿನ ನಿಯಮ. ಇಡೀ ಪ್ರೊಫೈಲೇ ಅಮಾನತಾಯಿತು. ಅದಕ್ಕೆ ಮೇಲ್ಮನವಿ ಹಾಕಬಹುದು, ಆದರೆ ದಾಖಲೆ ಸೇರಿಸಲು ಕೊಡುವ ಸಮಯ ಅರವತ್ತೇ ನಿಮಿಷ. ಅವರು ಮನವಿ ಕಳಿಸಿ ಆಮೇಲೆ ಪಂಚಾಯತ್ ಲೈಸೆನ್ಸ್ ಎಲ್ಲಿ ಅಂತ ಮನೆಯ ಕಪಾಟು ಹುಡುಕಲು ಹೋದರು. ಲೈಸೆನ್ಸು, ಕರೆಂಟು ಬಿಲ್ಲು ಮೊದಲೇ ಫೋಟೋ ತೆಗೆದು ಇಟ್ಟುಕೊಂಡು ಆಮೇಲೆ ಮನವಿಗೆ ಕೈ ಹಾಕಿ. ಲೈಸೆನ್ಸಿನಲ್ಲಿ ಇರುವ ಹೆಸರು ಮತ್ತು ಬೋರ್ಡಿನ ಹೆಸರು ಒಂದೇ ಆಗಿದೆಯಾ ಅಂತಲೂ ನೋಡಿ. ನಮ್ಮಲ್ಲಿ ಅಪ್ಪನ ಕಾಲದ ಲೈಸೆನ್ಸು, ಮಗನ ಕಾಲದ ಬೋರ್ಡು.

ಏಜೆಂಟರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಇವತ್ತು ಫೋಟೋ ತೆಗೆದು ಹಾಕಲು, ತಿಂಗಳಿಗೊಂದು ಸಲ ನೋಡಿಕೊಳ್ಳಲು ನಾನೂ ಊರಿನ ಒಬ್ಬ ಹುಡುಗನಿಗೆ ದುಡ್ಡು ಕೊಡುತ್ತೇನೆ. ಕೆಲಸಕ್ಕೆ ಕೂಲಿ ಕೊಡಬೇಕಾದದ್ದೇ. ಆದರೆ ಅವನನ್ನು ಮ್ಯಾನೇಜರ್ ಅಂತ ಸೇರಿಸಿದ್ದೇನೆ, ಮಾಲೀಕ ಅನ್ನುವ ಜಾಗದಲ್ಲಿ ನನ್ನದೇ ಇಮೇಲು. ನಾಳೆ ಅವನು ಗಲ್ಫಿಗೆ ಹೋದರೆ ತೆಗೆಯಲು ಒಂದು ನಿಮಿಷ. ಅಂಗಡಿಯಲ್ಲಿ ಕೆಲಸಕ್ಕೆ ಇದ್ದವನ ಕೈಗೆ ಬೀಗದ ಕೈ ಕೊಡುತ್ತೇವೆ, ಅಂಗಡಿಯ ಆಸ್ತಿಪತ್ರ ಕೊಡುತ್ತೇವಾ?

ಭಾಷೆಯ ವಿಷಯ ಹೇಳದೆ ಮುಗಿಸಿದರೆ ಕಾಸರಗೋಡಿನವನ ಪತ್ರ ಅನ್ನಿಸಲಿಕ್ಕಿಲ್ಲ. ಪ್ರೊಫೈಲು ಕೈಗೆ ಬಂದ ಮೇಲೆ ಅದರಲ್ಲಿ ಒಂದು ಪಟ್ಟಿ ಕಂಡಿತು. ಜನ ಯಾವ ಶಬ್ದ ಹಾಕಿ ಹುಡುಕಿ ನನ್ನ ಅಂಗಡಿ ನೋಡಿದ್ದಾರೆ ಅಂತ ತಿಂಗಳ ಲೆಕ್ಕ ಕೊಡುತ್ತದೆ. ಹದಿನೈದಕ್ಕಿಂತ ಕಮ್ಮಿ ಇದ್ದರೆ ಎಷ್ಟು ಅಂತ ಸರಿಯಾಗಿ ಹೇಳುವುದಿಲ್ಲ, ಹದಿನೈದರ ಒಳಗೆ ಅಂತಷ್ಟೇ. ನನ್ನ ಪಟ್ಟಿಯಲ್ಲಿ ಜಾಸ್ತಿಯವು ಹದಿನೈದರ ಒಳಗಿನವೇ, ಪರವಾಗಿಲ್ಲ. ಸ್ಪ್ರೇಯರ್ ರಿಪೇರಿ, ಎಚ್‌ಟಿಪಿ ಪಂಪ್, ಮೋಟಾರ್ ವೈಂಡಿಂಗ್, ಇವು ಇದ್ದವು. ಅದರ ಮಧ್ಯೆ ಅಚ್ಚ ಕನ್ನಡದಲ್ಲಿ "ಮದ್ದು ಬಿಡುವ ಪಂಪು" ಅಂತ ಒಂದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದದ್ದು ಎರಡು ಮೂರು. ಈಗ ಫೋನಿಗೆ ಬಾಯಲ್ಲಿ ಹೇಳಿ ಹುಡುಕುವವರು ಜಾಸ್ತಿ ಅಲ್ವಾ, ತೋಟದಲ್ಲಿ ನಿಂತವನು ಮನೆಯಲ್ಲಿ ಮಾತಾಡಿದ ಹಾಗೇ ಕೇಳುತ್ತಾನೆ. ಏಜೆಂಟ ನನ್ನ ಅಂಗಡಿಯ ಬಗ್ಗೆ ಬರೆದ ವಿವರಣೆಯಲ್ಲಿ ಆ ಶಬ್ದ ಒಂದೂ ಇರಲಿಲ್ಲ. ಎಲ್ಲ ಇಂಗ್ಲಿಷು, ಅದೂ ಸೊಲ್ಯೂಷನ್, ಕ್ವಾಲಿಟಿ, ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್.

750 ಅಕ್ಷರದ ಒಳಗೆ ಆ ವಿವರಣೆ ಬರೆಯಬೇಕು. ನಾನು ಒಂದು ಭಾನುವಾರ ಕೂತು ಕನ್ನಡದಲ್ಲಿ ಬರೆದೆ. ಅಡಿಕೆಗೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಮೆಷಿನ್, ಬಾವಿಯ ಪಂಪು, ವಾಶರ್, ಬೆಲ್ಟ್, ಹೋಸ್ ಸಿಗುತ್ತದೆ, ಸಾರಡ್ಕ ಗಡಿಯಿಂದ ಬರುವವರಿಗೆ ದಾರಿ ಹೀಗೆ. ಕೆಳಗೆ ನಾಲ್ಕು ಸಾಲು ಮಲೆಯಾಳ, ಅದನ್ನು ನನ್ನ ಗೆಳೆಯ ಬರೆದುಕೊಟ್ಟ. ಹಾರ್ಡ್‌ವೇರ್ ಅನ್ನುವುದನ್ನು ತೆಗೆದು ರಿಪೇರಿಗೆ ಹತ್ತಿರದ ವರ್ಗ ಹಾಕಿದೆ, ಮೊಳೆ ಕೇಳುವವರು ಕಮ್ಮಿಯಾದರು. ಗಿರಾಕಿಗಳು ಬರೆದ ಹಳೆಯ ಅಭಿಪ್ರಾಯಗಳು (ರಿವ್ಯೂ) ಎಲ್ಲ ಹಾಗೇ ಉಳಿದವು, ಹೊಸ ಪ್ರೊಫೈಲು ಮಾಡದೆ ಇದ್ದದ್ದರಲ್ಲೇ ವಿಳಾಸ ಬದಲು ಮಾಡಿದ್ದು. ಜಾಗ ಬದಲಾಯಿಸಿದವರು ಹೊಸ ಪ್ರೊಫೈಲು ಮಾಡಲು ಹೋಗಬೇಡಿ, ಇದ್ದದ್ದರ ವಿಳಾಸ ತಿದ್ದಿ. ಹೆದ್ದಾರಿ 66ರ ಅಗಲೀಕರಣದಲ್ಲಿ ತಲಪಾಡಿಯಿಂದ ಕಾಸರಗೋಡಿನವರೆಗೆ ಎಷ್ಟು ಅಂಗಡಿ ಹಿಂದೆ ಸರಿದಿವೆ, ಸರ್ವಿಸ್ ರೋಡಿನ ಬದಿಗೆ ಬಂದಿವೆ, ಆಚೆ ಬದಿಗೆ ಹೋಗಿವೆ ನೋಡಿ. ಅಲ್ಲಿ ಗುರುತು ರಸ್ತೆಯ ತಪ್ಪು ಬದಿಯಲ್ಲಿ ಇದ್ದರೆ ಗಿರಾಕಿ ಯಾವ ಅಂಡರ್‌ಪಾಸಿಗೆ ಹೋಗಿ ತಿರುಗಿ ಬರಬೇಕೋ ದೇವರೇ ಬಲ್ಲ. ಒಳಗಿನ ಊರುಗಳಲ್ಲಿ ಬೀದಿಯ ಹೆಸರೇ ಇಲ್ಲದವರಿಗೆ ಪ್ಲಸ್ ಕೋಡ್ ಅಂತ ಒಂದು ಉಂಟು, ಆರೇಳು ಅಕ್ಷರ-ಅಂಕಿ, ಜೊತೆಗೆ ಊರಿನ ಹೆಸರು, ಅದನ್ನು ವಾಟ್ಸಪ್ಪಿನಲ್ಲಿ ಕಳಿಸಿದರೆ ಅಂಗಳಕ್ಕೇ ಬಂದು ನಿಲ್ಲುತ್ತಾರೆ.

2021ರಲ್ಲಿ ನಮ್ಮ ಊರುಗಳ ಕನ್ನಡ ಹೆಸರು ಬದಲು ಮಾಡುತ್ತಾರೆ, ಮಧೂರು ಮಧುರಂ ಆಗುತ್ತದೆ ಅಂತ ದೊಡ್ಡ ಗಲಾಟೆ ಆಯಿತು, ಅಂಥದ್ದೇನೂ ಇಲ್ಲ ಅಂತ ಕೇರಳ ಸರಕಾರ ಹೇಳಿತು. ಆಗ ನಾವೆಲ್ಲ ಸಿಟ್ಟು ಮಾಡಿಕೊಂಡದ್ದು ಸರಿಯೇ. ಆದರೆ ಅದೇ ನಾವು ನಮ್ಮ ಅಂಗಡಿಯ ಬಗ್ಗೆ ಮ್ಯಾಪಿನಲ್ಲಿ ಕನ್ನಡದ ಒಂದು ಸಾಲು ಹಾಕಿಲ್ಲ. ನೀರ್ಚಾಲು, ಮುಳ್ಳೇರಿಯ, ಕುಂಬಳೆ, ಉಪ್ಪಳ, ಹೊಸಂಗಡಿ ಅಂತ ನಾವೇ ಬರೆಯದಿದ್ದರೆ ಕಂಪ್ಯೂಟರು ಇಂಗ್ಲಿಷ್ ಸ್ಪೆಲ್ಲಿಂಗು ನೋಡಿ ತನಗೆ ತೋಚಿದ ಹಾಗೆ ಬರೆದುಕೊಳ್ಳುತ್ತದೆ. ಅದನ್ನು ತಿದ್ದಲು ಬೆಂಗಳೂರಿನಿಂದಲೋ ತಿರುವನಂತಪುರದಿಂದಲೋ ಯಾರೂ ಬರುವುದಿಲ್ಲ.

ಗಿರಾಕಿಗಳಿಂದ ಮ್ಯಾಪಿನಲ್ಲಿ ಅಭಿಪ್ರಾಯ ಬರೆಸುವುದು ನನಗೆ ಈಗಲೂ ಕಷ್ಟದ ಕೆಲಸ. ನಮ್ಮವರು ಕೆಲಸ ಚಂದ ಆದರೆ "ಆಯ್ತು, ಬರ್ತೇನೆ" ಅಂದು ಹೋಗುತ್ತಾರೆ, ಚಂದ ಆಗದಿದ್ದರೆ ಹತ್ತು ಜನರಿಗೆ ಹೇಳುತ್ತಾರೆ. ನಾನು ಈಗ ಬಾಯಿ ಬಿಟ್ಟು ಕೇಳುತ್ತೇನೆ, ಕನ್ನಡದಲ್ಲೇ ಎರಡು ಸಾಲು ಹಾಕಿ ಅಂತ. ಹತ್ತು ಜನರಲ್ಲಿ ಒಬ್ಬರು ಹಾಕುತ್ತಾರೆ. ಹಾಕಿದರೆ ಐವತ್ತು ರೂಪಾಯಿ ಕಮ್ಮಿ ಅಂತ ಆಸೆ ತೋರಿಸಲು ಹೋಗಬೇಡಿ, ಅದು ನಿಯಮಕ್ಕೆ ವಿರುದ್ಧ. ಏಜೆಂಟರು ಹಾಕಿಸುವ ಅಭಿಪ್ರಾಯವಂತೂ ನೋಡಿದರೇ ಗೊತ್ತಾಗುತ್ತದೆ. ಪೆರ್ಲ ಎಲ್ಲಿದೆ ಅಂತಲೇ ಗೊತ್ತಿಲ್ಲದ ಮೂವತ್ತು ಜನ ಒಂದೇ ವಾರದಲ್ಲಿ ಬಂದು ಪಂಪು ರಿಪೇರಿ ಮಾಡಿಸಿಕೊಂಡು ಹೋದರೇ?

ನನಗೆ ಒಂದೇ ಒಂದು ನಕ್ಷತ್ರ ಕೊಟ್ಟವರೂ ಇದ್ದಾರೆ. ವಿಟ್ಲದ ಕಡೆಯವರು. ಅಷ್ಟು ದೂರ ಪಂಪು ಹೊತ್ತು ಬಂದಾಗ ಬಾಗಿಲು ಹಾಕಿತ್ತು ಅಂತ ಬರೆದಿದ್ದಾರೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅವತ್ತು ಇಲ್ಲಿ ಹರತಾಳ. ನಮಗೆ ಹರತಾಳ ಅಂದರೆ ಬೆಳಗಿನ ಕಾಫಿಯಷ್ಟೇ ರೂಢಿ, ಆಚೆಯವರಿಗೆ ಅದರ ಸುದ್ದಿಯೇ ಇರುವುದಿಲ್ಲ. ಓಣಂ ರಜೆ ಆಚೆ ಇಲ್ಲ, ಅಲ್ಲಿಯ ರಾಜ್ಯೋತ್ಸವದ ರಜೆ ಈಚೆ ಇಲ್ಲ. 2025ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಗೆ ಹೋದ ದಿನವೂ ನಾನು ಸುಮ್ನೆ ಬಾಗಿಲು ಹಾಕಿ ಹೋಗಿದ್ದೆ, ಊರಿಗೇ ಗೊತ್ತಿದೆಯಲ್ಲ ಅಂತ. ಊರಿಗೆ ಗೊತ್ತಿತ್ತು, ಫೋನಿಗೆ ಗೊತ್ತಿರಲಿಲ್ಲ. ವಿಶೇಷ ದಿನದ ಸಮಯ ಅಂತ ಹಾಕಲು ಅದರಲ್ಲಿ ಜಾಗ ಉಂಟು. ಈಗ ಹರತಾಳ ಘೋಷಣೆ ಆದ ಕೂಡಲೇ ನಾನು ಮಾಡುವ ಮೊದಲ ಕೆಲಸ ಅದು. ಆ ವಿಟ್ಲದವರಿಗೆ ಕ್ಷಮೆ ಕೇಳಿ ಅಲ್ಲೇ ಕೆಳಗೆ ಉತ್ತರ ಬರೆದೆ. ನಕ್ಷತ್ರ ಬದಲಾಗಲಿಲ್ಲ. ಆದರೆ ಡಿಸೆಂಬರಿನಲ್ಲಿ ಅದೇ ಪಂಪು ಹಿಡಿದುಕೊಂಡು ಬಂದರು, ಆ ಉತ್ತರ ಓದಿದ್ದಾಗಿಯೂ ಹೇಳಿದರು.

ಇನ್ನು ನನ್ನ ಕೋರಿಕೆ. ಪ್ರತಿ ಪೇಟೆಯಲ್ಲೂ ವ್ಯಾಪಾರಿ ವ್ಯವಸಾಯಿ ಏಕೋಪನ ಸಮಿತಿಯ, ಅಂದರೆ ಕೇರಳದ ವ್ಯಾಪಾರಿಗಳ ಸಂಘಟನೆಯ, ಘಟಕ ಇದೆ. ಅಕ್ಷಯ ಕೇಂದ್ರ ಇದೆ, ಆಧಾರ್ ಕೆಲಸ ಎಲ್ಲ ಅಲ್ಲೇ ಮಾಡಿಸುತ್ತೇವೆ. ವಾಚನಾಲಯಗಳು ಇವೆ, ಸಂಜೆ ಖಾಲಿ ಇರುತ್ತವೆ. ಇವರಲ್ಲಿ ಯಾರಾದರೂ ಮನಸ್ಸು ಮಾಡಿ ಒಂದು ಮಧ್ಯಾಹ್ನ ಊರಿನ ಅಂಗಡಿಯವರನ್ನು ಕೂರಿಸಿ, ಕನ್ನಡದಲ್ಲಿ, ಅವರವರ ಫೋನಿನಲ್ಲೇ, ಅವರವರ ಇಮೇಲಿನಲ್ಲೇ ಇದನ್ನು ಮಾಡಿಸಿಕೊಡಬಾರದಾ? ಉಪ್ಪಿನಕಾಯಿ, ಹಪ್ಪಳ ಮಾಡುವ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರನ್ನೂ ಕರೆಯಿರಿ. ಮನೆಯಿಂದ ಕೆಲಸ ಮಾಡುವವರು, ಗಿರಾಕಿಯ ಮನೆಗೇ ಹೋಗಿ ಕೆಲಸ ಮಾಡುವವರು ಮನೆ ವಿಳಾಸ ಕಾಣದ ಹಾಗೆ ಮಾಡಿ, ಯಾವ ಯಾವ ಊರಿಗೆ ಹೋಗುತ್ತೇವೆ ಅಂತ ಮಾತ್ರ ಹಾಕಬಹುದು. ವಯರಿಂಗಿನವರು, ಪ್ಲಂಬರುಗಳು, ಮದುವೆಯ ಅಡುಗೆಯವರು, ಇವರೆಲ್ಲ ಈಗ ಬಾಯಿಂದ ಬಾಯಿಗೆ ಹೋಗುವ ಹೆಸರನ್ನೇ ನಂಬಿ ಕೂತಿದ್ದಾರೆ. ಬೋರ್ಡು ಕನ್ನಡದಲ್ಲಿ ಇರಬೇಕು ಅಂತ ಒತ್ತಾಯ ಮಾಡುವ ನಮ್ಮ ಕನ್ನಡ ಸಂಘಟನೆಗಳೂ ಒಂದು ಸಲ ಈ ಕಡೆ ನೋಡಲಿ, ಈ ಬೋರ್ಡಿಗೆ ಪೈಂಟಿನ ಖರ್ಚೂ ಇಲ್ಲ.

ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಜಾರು ಮಾಡಬೇಡಿ. ಹೊಸ ಅಂಗಡಿಯ ಉದ್ಘಾಟನೆಯ ಜಾಹೀರಾತು ಅರ್ಧ ಪುಟ ಹಾಕುತ್ತೀರಿ. ಅದರ ಪಕ್ಕ ನಾಲ್ಕು ಬೆರಳಗಲದ ಜಾಗದಲ್ಲಿ, ಗೂಗಲಿನವರು ಅಂತ ಫೋನು ಮಾಡಿ ದುಡ್ಡು ಕೇಳಿದರೆ ಕೊಡಬೇಡಿ, ಫೋನಿಗೆ ಬಂದ ನಂಬರು ಹೇಳಬೇಡಿ ಅಂತ ತಿಂಗಳಿಗೊಮ್ಮೆ ಹಾಕಿ. ಆ ಹುಡುಗರು ಈಗಲೂ ಫೋನು ಮಾಡುತ್ತಿದ್ದಾರೆ. ಹೋದ ಮಂಗಳವಾರ ನನಗೇ ಮತ್ತೆ ಬಂತು, ಬೇರೆ ಧ್ವನಿ, ಅದೇ ಮಾತು, ಈ ಸಲ 9,000.

ಪೆರ್ಲದ ಆಸುಪಾಸಿನ ಅಂಗಡಿಯವರು ಯಾರಾದರೂ ಇದ್ದರೆ ಶನಿವಾರ ಮೂರು ಗಂಟೆಯ ಮೇಲೆ ಬನ್ನಿ, ನನಗೆ ಗೊತ್ತಿದ್ದಷ್ಟು ತೋರಿಸಿಕೊಡುತ್ತೇನೆ. ಪಂಚಾಯತ್ ಲೈಸೆನ್ಸು, ಕರೆಂಟು ಬಿಲ್ಲು, ಇಮೇಲಿನ ಪಾಸ್‌ವರ್ಡು ತನ್ನಿ. ಪಾಸ್‌ವರ್ಡು ನನಗೂ ಹೇಳಬೇಡಿ, ನೀವೇ ಹಾಕಿ. ಜೂನ್, ಜುಲೈಯಲ್ಲಿ ಮಾತ್ರ ಬರಬೇಡಿ, ಆಗ ನನಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ.

ಇತಿ,
ಪೆರ್ಲದ ಒಬ್ಬ ಪಂಪು ರಿಪೇರಿಯವ